ಮನೋವ್ಯಾಧಿಯೂ ಸ್ವಯಂನಿರ್ಣಯವೂ

ತನ್ನ ನೋವನ್ನು ತಾನೇ ಬಲ್ಲೆನೆಂಬುದು ಸರ್ವಾನುಭವಸಿದ್ಧವಾದ ಮಾತು. ತಲೆನೋವು ಬಂದವನಿಗೆ ‘ನಿನಗೆ ತಲೆನೋವಿಲ್ಲ’ ಎಂದು ಲೋಕದ ವೈದ್ಯರೆಲ್ಲರೂ ಸೇರಿ ಸಾಧಿಸಿದರೂ ಅವನು ಒಪ್ಪಲಾರನು, ಒಪ್ಪಬೇಕಾದದ್ದೂ ಇಲ್ಲ. ಆದರೆ ಆ ನೋವು ಕಣ್ಣಿನ ದೋಷದಿಂದ ಬಂದಿತೋ, ರಕ್ತದ ಒತ್ತಡದಿಂದ ಬಂದಿತೋ, ಹಿಂದಿನ ರಾತ್ರಿಯ ಜಾಗರಣೆಯಿಂದ ಬಂದಿತೋ ಎಂಬುದನ್ನು ಅವನ ನೋವೇ ಅವನಿಗೆ ತಿಳಿಸುವುದಿಲ್ಲ. ನೋವು ಅನುಭವ, ಅದರ ಕಾರಣವು ಅನುಮಾನದಿಂದ ತಿಳಿಯತಕ್ಕದ್ದು. ದೇಹದ ವ್ಯಾಧಿಗಳಲ್ಲಿ ಎಲ್ಲರೂ ಒಪ್ಪುವ ಈ ಸಾಮಾನ್ಯ ವಿವೇಕವು ಮನಸ್ಸಿನ ವ್ಯಾಧಿಗಳ ವಿಷಯದಲ್ಲಿ ಮಾತ್ರ ಏಕೋ ಮರೆತುಹೋಗುತ್ತಿದೆ.

ಇಂದು ನಮ್ಮ ಮನೆಗಳಲ್ಲಿ ‘ನನಗೆ ಡಿಪ್ರೆಶನ್ ಆಗಿದೆ’, ‘ನನ್ನದು ಬೈಪೋಲಾರ್’, ‘ಹುಡುಗನಿಗೆ ಎ.ಡಿ.ಎಚ್.ಡಿ. ಇರಬೇಕು’, ‘ನಮ್ಮ ಅತ್ತೆಯವರಿಗೆ ಓ.ಸಿ.ಡಿ.’ ಎಂಬ ಮಾತುಗಳು ಊಟದ ಎಲೆಯ ಮುಂದೆಯೇ ಕೇಳಿಬರುತ್ತಿವೆ. ಹೇಳುವವರು ವೈದ್ಯರಲ್ಲ, ವೈದ್ಯರನ್ನು ಕಂಡು ಬಂದವರೂ ಅಲ್ಲ. ಕೈಯಲ್ಲಿರುವ ದೂರವಾಣಿಯಲ್ಲಿ ಅರ್ಧ ನಿಮಿಷದ ಚಿತ್ರವೊಂದು ಬಂದಿತು, ಅದರಲ್ಲಿ ಐದು ಲಕ್ಷಣಗಳನ್ನು ಹೇಳಿದರು, ಐದರಲ್ಲಿ ನಾಲ್ಕು ತಮಗೆ ಹೊಂದಿದವು, ನಿರ್ಣಯವು ಮುಗಿಯಿತು. 2022ರಲ್ಲಿ ಕೆನಡಾ ದೇಶದ ಸಂಶೋಧಕರು ಅವಧಾನದ ತೊಂದರೆಯಾದ ಈ ಎ.ಡಿ.ಎಚ್.ಡಿ.ಯನ್ನು ಕುರಿತು ಟಿಕ್‌ಟಾಕ್‌ನಲ್ಲಿ ಅತಿ ಹೆಚ್ಚು ಜನರು ನೋಡಿದ್ದ 100 ಚಿತ್ರಗಳನ್ನು ಪರಿಶೀಲಿಸಿದಾಗ, ಅವುಗಳಲ್ಲಿ 52 ದಾರಿತಪ್ಪಿಸುವಂಥವೆಂದು ಕಂಡುಬಂದಿತು. ಟಿಕ್‌ಟಾಕ್ ನಮ್ಮ ದೇಶದಲ್ಲಿ 2020ರಲ್ಲಿಯೇ ನಿಷಿದ್ಧವಾಯಿತೆಂಬುದು ನಿಜ. ಆದರೆ ಅದರ ಸ್ಥಾನವನ್ನು ಬೇರೆಯವು ತುಂಬುವುದಕ್ಕೆ ಒಂದು ತಿಂಗಳೂ ಹಿಡಿಯಲಿಲ್ಲ.

ಇದನ್ನು ಕೇವಲ ಕಾಲದ ಹುಚ್ಚೆಂದು ನಕ್ಕು ಬಿಡುವಂತಿಲ್ಲ. ಇದರಲ್ಲಿ ಒಂದು ತತ್ತ್ವದ ಪ್ರಶ್ನೆಯಿದೆ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ಸುಖದುಃಖಗಳನ್ನು ಗ್ರಹಿಸುವುದು ಸಾಕ್ಷಿ. ಅದು ಆತ್ಮಸ್ವರೂಪವೇ ಆದ ಇಂದ್ರಿಯ. ಅದರ ಜ್ಞಾನದಲ್ಲಿ ಸಂಶಯಕ್ಕಾಗಲಿ ಭ್ರಮೆಗಾಗಲಿ ಎಡೆಯಿಲ್ಲ. ಮನಸ್ಸಾದರೋ ದೋಷಕ್ಕೊಳಗಾಗತಕ್ಕ ಇಂದ್ರಿಯ. ಎಲ್ಲಿ ತಿಳಿವಳಿಕೆಯು ಒಮ್ಮೆಯಾದರೂ ತಪ್ಪುವುದೋ ಅದು ಮನಸ್ಸಿನ ಕಾರ್ಯವೇ ಹೊರತು ಸಾಕ್ಷಿಯದಲ್ಲವೆಂಬುದು ಅನುವ್ಯಾಖ್ಯಾನದ ಅಭಿಪ್ರಾಯ. ಪ್ರಕೃತದಲ್ಲಿ ಇದನ್ನು ಅನ್ವಯಿಸಿ ನೋಡಬಹುದು. ‘ನನಗೆ ದುಃಖವಾಗುತ್ತಿದೆ’ ಎಂಬುದು ಸಾಕ್ಷಿವೇದ್ಯವಾದದ್ದು. ಅದನ್ನು ಅಲ್ಲಗಳೆಯಲು ಯಾರಿಗೂ ಅಧಿಕಾರವಿಲ್ಲ. ‘ಈ ದುಃಖವು ಇಂಥ ಹೆಸರಿನ ವ್ಯಾಧಿ’ ಎಂಬುದು ಮನಸ್ಸು ಮಾಡಿದ ಊಹೆ. ಮೊದಲನೆಯದರ ಪ್ರಾಮಾಣ್ಯವನ್ನು ಎರಡನೆಯದಕ್ಕೆ ಎರವಲು ಕೊಡುವುದೇ ಸ್ವಯಂನಿರ್ಣಯದ ಮೂಲದೋಷ.

ಈ ಎರಡನ್ನೂ ಬೆರೆಸುವುದರಿಂದ ಮನೆಯೊಳಗೆ ಎಂಥ ಅನರ್ಥವಾಗುತ್ತದೆಂಬುದನ್ನು ಅನೇಕರು ಕಂಡಿರಬಹುದು. ಮಗಳು ‘ನನಗೆ ಡಿಪ್ರೆಶನ್’ ಎನ್ನುತ್ತಾಳೆ. ತಂದೆಯು ‘ಅದೆಲ್ಲ ಈಗಿನ ಕಾಲದ ಸೋಗು, ಬೆಳಿಗ್ಗೆ ಬೇಗ ಎದ್ದರೆ ಸರಿಹೋಗುತ್ತದೆ’ ಎನ್ನುತ್ತಾನೆ. ಅವನು ಅಲ್ಲಗಳೆದದ್ದು ರೋಗದ ಹೆಸರನ್ನು. ಅವಳಿಗೆ ಕೇಳಿಸಿದ್ದು ‘ನಿನ್ನ ನೋವು ಸುಳ್ಳು’ ಎಂದು. ಹೆಸರು ತಪ್ಪಾಗಿರಬಹುದು, ಸರಿಯಾಗಿಯೂ ಇರಬಹುದು. ಅದನ್ನು ನಿರ್ಣಯಿಸಲು ಮಗಳಿಗೆ ಎಷ್ಟು ಸಾಮರ್ಥ್ಯವಿಲ್ಲವೋ ತಂದೆಗೂ ಅಷ್ಟೇ ಇಲ್ಲ. ‘ಏನೂ ಆಗಿಲ್ಲ’ ಎಂಬುದೂ ಒಂದು ರೋಗನಿರ್ಣಯವೇ ಎಂಬುದನ್ನು ಹಿರಿಯರು ಗಮನಿಸುವುದಿಲ್ಲ.

ಚರಕಸಂಹಿತೆಯ ವಿಮಾನಸ್ಥಾನವು ರೋಗವನ್ನು ಅರಿಯುವುದಕ್ಕೆ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನಗಳೆಂಬ ಮೂರು ಉಪಾಯಗಳನ್ನು ಹೇಳುತ್ತದೆ. ಶಾಸ್ತ್ರವನ್ನು ಕಲಿತವನು ತನ್ನ ಇಂದ್ರಿಯಗಳಿಂದ ರೋಗಿಯನ್ನು ಪರೀಕ್ಷಿಸಿ, ಕಾಣದಿರುವುದನ್ನು ಕಂಡದ್ದರಿಂದ ಊಹಿಸಬೇಕು. ಸ್ವಯಂನಿರ್ಣಯದಲ್ಲಿ ಆಪ್ತನೂ ತಾನೇ, ಪರೀಕ್ಷಕನೂ ತಾನೇ, ಪರೀಕ್ಷೆಗೆ ಒಳಗಾದವನೂ ತಾನೇ. ಇಂಥ ನ್ಯಾಯಸ್ಥಾನದಲ್ಲಿ ತೀರ್ಪು ಎಂಥದಾಗಬಹುದೆಂದು ಹೇಳಬೇಕಾಗಿಲ್ಲ.

ಅನುಮಾನಕ್ಕೆ ವ್ಯಾಪ್ತಿಯು ಬೇಕು. ಹೇತುವು ಸಾಧ್ಯವಿಲ್ಲದ ಕಡೆಯಲ್ಲಿಯೂ ಇದ್ದರೆ ಅದು ವ್ಯಭಿಚಾರಿಯೆನಿಸುತ್ತದೆ. ‘ನನಗೆ ಉತ್ಸಾಹವಿಲ್ಲ, ಮರೆವು ಹೆಚ್ಚಿದೆ, ಸದಾ ಆಯಾಸ, ಯಾವುದರಲ್ಲಿಯೂ ಮನಸ್ಸು ನಿಲ್ಲದು; ಆದುದರಿಂದ ನನಗೆ ಖಿನ್ನತೆಯ ರೋಗ’ ಎಂಬ ಅನುಮಾನವನ್ನೇ ತೆಗೆದುಕೊಳ್ಳೋಣ. ಕೊರಳಿನ ಥೈರಾಯ್ಡ್ ಗ್ರಂಥಿಯು ಸರಿಯಾಗಿ ಕೆಲಸಮಾಡದಿದ್ದರೂ ಈ ನಾಲ್ಕು ಲಕ್ಷಣಗಳೂ ಬರುತ್ತವೆ. ಅದೇ ಗ್ರಂಥಿಯು ಅತಿಯಾಗಿ ಕೆಲಸಮಾಡಿದರೆ ಎದೆಬಡಿತ, ಕೈನಡುಕ, ನಿದ್ರಾನಾಶಗಳುಂಟಾಗಿ ಮನೋವ್ಯಾಕುಲತೆಯ ರೋಗದಂತೆಯೇ ತೋರುತ್ತದೆ. ರಕ್ತಹೀನತೆಯಲ್ಲಿಯೂ ಆಯಾಸ, ನಿರುತ್ಸಾಹಗಳಿವೆ. ಇವೆಲ್ಲಕ್ಕಿಂತ ನಮ್ಮ ಮನೆತನಗಳು ಗಮನಿಸಬೇಕಾದದ್ದು ಬಿ-12 ಎಂಬ ಜೀವಸತ್ವದ ಕೊರತೆ. ಇದು ಸಸ್ಯಾಹಾರದಲ್ಲಿ ದೊರೆಯುವುದಿಲ್ಲ. ಶಾಕಾಹಾರಿಗಳಿಗೆ ಹಾಲು, ಮೊಸರುಗಳೇ ಇದರ ಮುಖ್ಯ ಮೂಲ. ಅವುಗಳ ಸೇವನೆಯು ಕಡಿಮೆಯಾದಲ್ಲಿ, ಅಥವಾ ವಯಸ್ಸಾದಂತೆ ದೇಹವು ಅದನ್ನು ಹೀರಿಕೊಳ್ಳುವ ಶಕ್ತಿಯನ್ನು ಕಳೆದುಕೊಂಡಲ್ಲಿ, ಕಾಲಿನಲ್ಲಿ ಜೋಮು, ಆಯಾಸ, ಮರೆವು, ಕಿರಿಕಿರಿ, ವಿಷಾದಗಳು ಮೆಲ್ಲನೆ ಆವರಿಸುತ್ತವೆ. ಸಾಮಾನ್ಯ ರಕ್ತಪರೀಕ್ಷೆಯೊಂದರಿಂದ ತಿಳಿಯುವ, ಕೆಲವು ಗುಳಿಗೆ ಅಥವಾ ಚುಚ್ಚುಮದ್ದಿನಿಂದ ಸರಿಪಡಿಸಬಹುದಾದ ಈ ಕೊರತೆಯನ್ನು ಮನೋರೋಗವೆಂದು ತಿಳಿದು ವರ್ಷಗಟ್ಟಲೆ ಸುಮ್ಮನೆ ಕುಳಿತರೆ ನರಗಳಿಗೆ ಶಾಶ್ವತವಾದ ಹಾನಿಯಾಗಬಲ್ಲದು. ಮುದುಕರಲ್ಲಿ ಇದನ್ನೇ ಅರಳುಮರುಳೆಂದು ನಿರ್ಧರಿಸಿಬಿಡುವ ಮನೆಗಳೂ ಇವೆ.

ಶೋಕದ ವಿಷಯವೂ ಹೀಗೆಯೇ. ಪತಿಯನ್ನೋ ಪತ್ನಿಯನ್ನೋ ಕಳೆದುಕೊಂಡವರು ತಿಂಗಳುಗಟ್ಟಲೆ ಅತ್ತರೆ, ಊಟ ಸೇರದಿದ್ದರೆ, ಅದು ರೋಗವೆಂದು ತಾವಾಗಿ ತಿಳಿಯಬೇಕಾಗಿಲ್ಲ. ಅಮೆರಿಕದ ಮನೋವೈದ್ಯರ ಗ್ರಂಥವು 2022ರ ಆವೃತ್ತಿಯಲ್ಲಿ ದೀರ್ಘಶೋಕವೆಂಬ ವ್ಯಾಧಿಯನ್ನು ಸೇರಿಸಿತಾದರೂ, ಪ್ರಾಪ್ತವಯಸ್ಕರಲ್ಲಿ ಮರಣವಾಗಿ ಹನ್ನೆರಡು ತಿಂಗಳು ಕಳೆಯುವವರೆಗೆ ಆ ಹೆಸರನ್ನು ಇಡಬಾರದೆಂದು ನಿಯಮಿಸಿದೆ. ಮಾಸಿಕಗಳನ್ನು ಮಾಡುತ್ತ ಆಬ್ದಿಕದವರೆಗೆ ನಡೆಯುವ ನಮ್ಮ ವರ್ಷವೂ ಅಷ್ಟೇ ದೀರ್ಘವಾದದ್ದು.

ಪ್ರಸಂಗವಶಾತ್ ಒಂದು ಮಾತು. ರಣಭೂಮಿಯಲ್ಲಿ ಅರ್ಜುನನ ಬಾಯಿ ಒಣಗಿದ್ದು, ಮೈ ನಡುಗಿದ್ದು, ಗಾಂಡೀವವು ಜಾರಿದ್ದು ಇವನ್ನು ಎಣಿಸಿ, ಅವನಿಗೆ ಬಂದದ್ದು ಇಂಥ ಮನೋರೋಗವೆಂದು ವ್ಯಾಖ್ಯಾನಿಸುವ ಉಪನ್ಯಾಸಕರು ಈಚೆಗೆ ಹೆಚ್ಚಿದ್ದಾರೆ. ಇದೂ ಅದೇ ವ್ಯಭಿಚಾರಿ ಹೇತು. ತನ್ನ ಸ್ಥಿತಿಗೆ ತಾನೇ ಕಾರಣವನ್ನು ಕಲ್ಪಿಸಿ ತಾನೇ ಪರಿಹಾರವನ್ನೂ ಹೇಳಿಕೊಳ್ಳುತ್ತಿದ್ದಷ್ಟು ಹೊತ್ತು ಅರ್ಜುನನಿಗೆ ಉಪದೇಶವು ಆರಂಭವಾಗಲಿಲ್ಲವೆಂಬುದನ್ನು ಇವರು ಹೇಳಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು.

‘ಹಾಗಾದರೆ ವೈದ್ಯರೇ ಸಿದ್ಧಪಡಿಸಿದ ಪ್ರಶ್ನಾವಳಿಗಳಿವೆಯಲ್ಲ, ಅವುಗಳಿಗೆ ಉತ್ತರ ಬರೆದು ತಿಳಿಯಬಹುದಲ್ಲ’ ಎಂದು ಕೇಳುವವರುಂಟು. ಖಿನ್ನತೆಯ ಬಗೆಗೆ ಬಹಳ ಪ್ರಸಿದ್ಧವಾದದ್ದು ಪಿ.ಎಚ್.ಕ್ಯು.-9 ಎಂಬುದು. ಕಳೆದ ಎರಡು ವಾರಗಳನ್ನು ಕುರಿತು ಒಂಬತ್ತು ಪ್ರಶ್ನೆಗಳು, ಒಂದೊಂದಕ್ಕೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. 10 ಅಥವಾ ಹೆಚ್ಚು ಬಂದರೆ ಖಿನ್ನತೆಯಿರಬಹುದೆಂದು ಶಂಕಿಸತಕ್ಕದ್ದು. 2001ರಲ್ಲಿ ಇದನ್ನು ಪರೀಕ್ಷಿಸಿ ಪ್ರಕಟಿಸಿದವರು, ರೋಗವಿದ್ದವರಲ್ಲಿ ನೂರಕ್ಕೆ 88 ಮಂದಿಯನ್ನು ಇದು ಸರಿಯಾಗಿ ಹಿಡಿಯುವುದೆಂದೂ, ರೋಗವಿಲ್ಲದವರಲ್ಲಿ ನೂರಕ್ಕೆ 88 ಮಂದಿಯನ್ನು ಸರಿಯಾಗಿ ಬಿಡುವುದೆಂದೂ ತೋರಿಸಿದರು. ಕೇಳುವುದಕ್ಕೆ ಇದು ಬಹಳ ನಂಬಲರ್ಹವೆನಿಸುತ್ತದೆ. ಈಗ ಲೆಕ್ಕ ಮಾಡಿ ನೋಡೋಣ. ಸಾವಿರ ಮಂದಿಯಲ್ಲಿ ನಿಜವಾಗಿ ರೋಗವಿರುವವರು 50 ಎಂದು ಇಟ್ಟುಕೊಂಡರೆ, ಅವರಲ್ಲಿ 44 ಮಂದಿ ಸಿಕ್ಕುತ್ತಾರೆ. ಉಳಿದ 950 ಮಂದಿ ನಿರೋಗಿಗಳಲ್ಲಿ ನೂರಕ್ಕೆ 12ರಂತೆ 114 ಮಂದಿಗೂ ಹತ್ತು ಅಂಕ ಬಂದಿರುತ್ತದೆ. ಒಟ್ಟು ಶಂಕಿತರು 158. ನಿಜವಾದ ರೋಗಿಗಳು 44. ಅಂದರೆ ‘ನನಗೆ ಹತ್ತು ಬಂದಿತು’ ಎಂದು ಕಂಗೆಟ್ಟು ಕುಳಿತ ನಾಲ್ವರಲ್ಲಿ ಸುಮಾರು ಮೂವರಿಗೆ ಆ ರೋಗವೇ ಇಲ್ಲ. ಪ್ರಶ್ನಾವಳಿಯು ಜರಡಿಯಂತೆ, ಜರಡಿಯಲ್ಲಿ ನಿಂತದ್ದನ್ನು ಮೊರಕ್ಕೆ ಹಾಕಿ ಕೇರುವವರು ಬೇರೆ ಬೇಕು. ಆದರೆ ಅದರ ಒಂಬತ್ತನೆಯ ಪ್ರಶ್ನೆಯು ಬದುಕಿರುವುದೇ ಬೇಡವೆಂಬ ಯೋಚನೆಯನ್ನು ಕುರಿತದ್ದು. ಅದಕ್ಕೆ ಹೌದೆಂಬ ಉತ್ತರವಿದ್ದರೆ ಕೂಡಿಸುವ ಕಳೆಯುವ ಲೆಕ್ಕವೇ ಬೇಡ. ಅಂದೇ ವೈದ್ಯರ ಬಳಿಗೆ ಹೋಗತಕ್ಕದ್ದು, ಮನೆಯವರು ಜೊತೆಯಲ್ಲಿ ಹೋಗತಕ್ಕದ್ದು.

ಲಕ್ಷಣಗಳ ಪಟ್ಟಿಯನ್ನು ಓದಿದಾಗ ಅದು ತನಗೇ ಬರೆದಂತೆ ತೋರುವುದಕ್ಕೆ ಇನ್ನೊಂದು ಕಾರಣವಿದೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞನು ತನ್ನ 39 ಮಂದಿ ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆಯನ್ನು ಕೊಟ್ಟು, ವಾರದ ಬಳಿಕ ಪ್ರತಿಯೊಬ್ಬನಿಗೂ ಅವನ ಸ್ವಭಾವದ ವರದಿಯನ್ನು ಹಂಚಿದನು. ವರದಿಯು ಎಷ್ಟು ನಿಜವೆಂದು ಐದರ ಮೇಲೆ ಅಂಕ ಹಾಕಿರೆಂದಾಗ ಸರಾಸರಿ ನಾಲ್ಕಕ್ಕೂ ಮೇಲೆ ಬಂದಿತು. ಆಮೇಲೆ ತಿಳಿದದ್ದೇನೆಂದರೆ, ಎಲ್ಲರಿಗೂ ಕೊಟ್ಟದ್ದು ಒಂದೇ ವರದಿ. ಅದರ ವಾಕ್ಯಗಳನ್ನು ಆತನು ಅಂಗಡಿಯಲ್ಲಿ ಸಿಕ್ಕುವ ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದ್ದನು. ದೇಹದ ರೋಗಗಳಿಗಿಂತ ಮನಸ್ಸಿನ ರೋಗಗಳಲ್ಲಿ ಈ ಮೋಸವು ಹೆಚ್ಚು. ಕಾಮಾಲೆಯು ಒಂದೋ ಇರುತ್ತದೆ, ಇಲ್ಲವೋ ಇರುವುದಿಲ್ಲ. ದುಃಖ, ಭಯ, ಚಾಂಚಲ್ಯ, ಅನುಮಾನಗಳಾದರೋ ಎಲ್ಲರಲ್ಲಿಯೂ ಇರತಕ್ಕವು; ಅಲ್ಲಿ ರೋಗವೆಂಬುದು ಪ್ರಮಾಣದ, ಕಾಲಾವಧಿಯ, ಬಾಳಿಗೆ ಆದ ಹಾನಿಯ ಪ್ರಶ್ನೆ. ಈ ಅಳತೆಯನ್ನು ನೂರಾರು ಮಂದಿಯನ್ನು ಕಂಡವರು ಮಾಡಬಲ್ಲರೇ ಹೊರತು ತನ್ನೊಬ್ಬನನ್ನೇ ಕಂಡವನು ಮಾಡಲಾರನು.

ಇದಕ್ಕೂ ಮಿಗಿಲಾದ ತೊಡಕು ಇನ್ನೊಂದು. ಕಣ್ಣಿಗೆ ಪೊರೆ ಬಂದವನು ಮಬ್ಬಾಗಿ ಕಾಣುತ್ತಿದೆಯೆಂದು ತಿಳಿಯಬಲ್ಲನು. ಮನಸ್ಸಿಗೆ ಪೊರೆ ಬಂದವನು ಅದನ್ನು ತಿಳಿಯಬೇಕಾದದ್ದು ಅದೇ ಮನಸ್ಸಿನಿಂದ. ಉನ್ಮಾದದ ಏರುಗಾಲದಲ್ಲಿರುವವನಿಗೆ ತಾನು ಹಿಂದೆಂದೂ ಇಷ್ಟು ಚೆನ್ನಾಗಿ ಇರಲಿಲ್ಲವೆಂದೇ ತೋರುತ್ತದೆ. ಮೂರು ರಾತ್ರಿ ನಿದ್ರೆಯಿಲ್ಲದೆ, ಇದ್ದ ಹಣವನ್ನೆಲ್ಲ ಹೊಸ ವ್ಯಾಪಾರಕ್ಕೆ ಸುರಿದು, ತಡೆದವರೆಲ್ಲರೂ ಶತ್ರುಗಳೆಂದು ನಂಬಿರುತ್ತಾನೆ. ಯಾರೋ ತನ್ನನ್ನು ಹಿಂಬಾಲಿಸುತ್ತಿದ್ದಾರೆಂದು ನಿಶ್ಚಯಿಸಿದವನು ವೈದ್ಯರ ಬಳಿಗಲ್ಲ, ಪೋಲೀಸರ ಬಳಿಗೆ ಹೋಗುತ್ತಾನೆ. ಹೀಗೆ ಯಾರಿಗೆ ಚಿಕಿತ್ಸೆಯು ಅತ್ಯಂತ ಅವಶ್ಯವೋ ಅವರಲ್ಲಿ ಬಹುಮಂದಿ ‘ನನಗೆ ರೋಗವಿಲ್ಲ’ ಎಂದೇ ಸ್ವಯಂನಿರ್ಣಯ ಮಾಡಿಕೊಂಡಿರುತ್ತಾರೆ.

ಹೆಸರು ತಪ್ಪಾದರೆ ಔಷಧವೂ ತಪ್ಪುತ್ತದೆ. ಬೈಪೋಲಾರ್ ಎಂಬ ವ್ಯಾಧಿಯು ಅನೇಕರಲ್ಲಿ ಮೊದಲು ಖಿನ್ನತೆಯ ರೂಪದಲ್ಲಿಯೇ ಕಾಣಿಸಿಕೊಳ್ಳುತ್ತದೆ. ಇದನ್ನು ಬರಿಯ ಖಿನ್ನತೆಯೆಂದು ಭಾವಿಸಿ, ಪರಿಚಿತರು ತೆಗೆದುಕೊಳ್ಳುತ್ತಿರುವ ಖಿನ್ನತೆಯ ಗುಳಿಗೆಯನ್ನೇ ತಾನೂ ತಂದು ನುಂಗಿದರೆ, ಅದು ಉನ್ಮಾದವನ್ನು ಕೆರಳಿಸಬಹುದು. ನಿದ್ರೆಗಾಗಿ, ಗಾಬರಿಗಾಗಿ ಆಲ್‌ಪ್ರಜೊಲಾಮ್ ಎಂಬ ಗುಳಿಗೆಯನ್ನು ನೆರೆಮನೆಯವರಿಂದ ಎರವಲು ಪಡೆಯುವ ಅಭ್ಯಾಸವು ಕಾಫಿಪುಡಿಯ ಎರವಲಿನಷ್ಟೇ ಸಹಜವಾಗಿಬಿಟ್ಟಿದೆ. ಕೆಲವು ವಾರಗಳಲ್ಲಿಯೇ ದೇಹವು ಇದಕ್ಕೆ ಅಂಟಿಕೊಳ್ಳಬಲ್ಲದು. ಆಮೇಲೆ ಒಮ್ಮೆಗೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಈ ಕಾರಣದಿಂದಲೇ ಸರ್ಕಾರವು ಇದನ್ನು ಎಚ್-1 ಎಂಬ ಅನುಸೂಚಿಗೆ ಸೇರಿಸಿ, 2014ರ ಮಾರ್ಚಿಯಿಂದ ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದೂ, ಕೊಂಡವರ ಮತ್ತು ಬರೆದ ವೈದ್ಯರ ಹೆಸರುಗಳನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟುಕೊಳ್ಳಬೇಕೆಂದೂ ವಿಧಿಸಿತು. ಎದೆನೋವಿನ ಮಾತು ಬೇರೆ ಹೇಳಬೇಕೆ? ಗಾಬರಿಯ ರೋಗದಲ್ಲಿಯೂ ಎದೆ ಬಿಗಿಯುತ್ತದೆ, ಬೆವರುತ್ತದೆ, ಹೃದಯಾಘಾತದಲ್ಲಿಯೂ ಹಾಗೆಯೇ. ‘ಇದು ನನ್ನ ಆ್ಯಂಗ್ಸೈಟಿ’ ಎಂದು ಮಲಗಿದವರು ಬೆಳಿಗ್ಗೆ ಏಳದಿರುವ ಸಂಭವವುಂಟು.

ನಮ್ಮ ಮನೆಗಳಿಗೆ ವಿಶೇಷವಾಗಿ ಸಂಬಂಧಿಸಿದ ವಿಷಯವೊಂದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕಾಗಿದೆ. ಮಡಿಯುಟ್ಟು ಅಡಿಗೆ ಮಾಡುವ ಅಜ್ಜಿಯನ್ನು ನೋಡಿ ಮೊಮ್ಮಕ್ಕಳು ‘ಅಜ್ಜಿಗೆ ಓ.ಸಿ.ಡಿ.’ ಎನ್ನುತ್ತಾರೆ. ಇದು ಅಜ್ಜಿಗೂ ಅನ್ಯಾಯ, ಆ ವ್ಯಾಧಿಯಿಂದ ನಿಜವಾಗಿ ನರಳುತ್ತಿರುವವರಿಗೂ ಅನ್ಯಾಯ. ಆಚಾರಕ್ಕೆ ಒಂದು ಆರಂಭವಿದೆ, ಒಂದು ಸಮಾಪ್ತಿಯಿದೆ. ಆಚಮನವು ಇಷ್ಟೇ ಸಾರಿ, ಸ್ನಾನವು ಇಷ್ಟೇ ಸಾರಿ ಎಂದು ವಿಧಿಸಿರುವ ಶಾಸ್ತ್ರವೇ ಆತುರರಿಗೆ, ವೃದ್ಧರಿಗೆ, ಪ್ರಯಾಣದಲ್ಲಿರುವವರಿಗೆ ರಿಯಾಯಿತಿಯನ್ನೂ ಹೇಳಿದೆ. ಜ್ವರವಿದ್ದವನಿಗೆ ತಣ್ಣೀರು ಬೇಡ, ಮಂತ್ರಸ್ನಾನವಾಗಲಿ ಮಾನಸಸ್ನಾನವಾಗಲಿ ಸಾಕೆನ್ನುತ್ತದೆ. ಅಜ್ಜಿಗೆ ಈ ರಿಯಾಯಿತಿಯು ಸಮಾಧಾನವನ್ನು ಕೊಡುತ್ತದೆ. ಮಡಿಯಿಂದ ಹೊರಬಂದ ಮೇಲೆ ಅವಳು ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ನಗುತ್ತಾಳೆ.

ಗೀಳಿನ ವ್ಯಾಧಿಯಲ್ಲಿ ಸಮಾಪ್ತಿಯೆಂಬುದೇ ಇಲ್ಲ. ಕೈ ತೊಳೆದಾಯಿತು, ಆದರೆ ತೊಳೆದಂತಾಗಲಿಲ್ಲ, ಮತ್ತೆ ತೊಳೆಯಬೇಕು. ಚರ್ಮವು ಬಿರಿದು ರಕ್ತ ಬಂದರೂ ಶುದ್ಧವಾದಂತಾಗುವುದಿಲ್ಲ. ಸಂಧ್ಯಾವಂದನೆಯ ಅರ್ಘ್ಯದಲ್ಲಿ ಒಂದು ಅಕ್ಷರ ತಪ್ಪಿತೋ ಏನೋ ಎಂದು ಮೊದಲಿಂದ ತೊಡಗಿ, ಮತ್ತೊಮ್ಮೆ ಸಂಶಯ ಬಂದು ಮತ್ತೆ ಮೊದಲಿಂದ, ಹೀಗೆ ಒಂದೂವರೆ ಗಂಟೆ. ದೇವರ ಮುಂದೆ ನಿಂತಾಗ ಬಾರದ ಮಾತು, ಬಾರದ ಚಿತ್ರ ಮನಸ್ಸಿಗೆ ನುಗ್ಗುವುದು. ಅದಕ್ಕಾಗಿ ನಾಚಿ, ಪ್ರಾಯಶ್ಚಿತ್ತವೆಂದು ನೂರು ನಮಸ್ಕಾರ ಹಾಕುವುದು. ನಮಸ್ಕಾರದ ನಡುವೆ ಅದೇ ಚಿತ್ರ ಮತ್ತೆ ಬರುವುದು. ಇಂಥವರು ಇದನ್ನು ಯಾರಿಗೂ ಹೇಳುವುದಿಲ್ಲ. ತಮ್ಮ ಪಾಪವೆಂದು, ಪೂರ್ವಜನ್ಮದ ದುಷ್ಕರ್ಮವೆಂದು, ಭಕ್ತಿಯ ಕೊರತೆಯೆಂದು ತಾವೇ ನಿರ್ಣಯಿಸಿಕೊಂಡಿರುತ್ತಾರೆ. ಮನೆಯವರು ‘ಬಹಳ ನಿಷ್ಠೆ’ ಎಂದು ಹೊಗಳುತ್ತಾರೆ. ಅತ್ತ ಆಚಾರವನ್ನು ರೋಗವೆಂದು ಕರೆಯುವ ಸ್ವಯಂನಿರ್ಣಯ. ಇತ್ತ ರೋಗವನ್ನು ಆಚಾರವೆಂದು ಕರೆಯುವ ಸ್ವಯಂನಿರ್ಣಯ. ಎರಡನೆಯದು ಹೆಚ್ಚು ಕ್ರೂರವಾದದ್ದು. ಏಕೆಂದರೆ ಈ ವ್ಯಾಧಿಗೆ ಔಷಧವೂ ಇದೆ, ಮಾತಿನ ಮತ್ತು ಅಭ್ಯಾಸದ ಚಿಕಿತ್ಸೆಯೂ ಇದೆ, ಬಹಳ ಮಂದಿಗೆ ಗುಣ ಕಾಣುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಚಿಕಿತ್ಸಾಲಯವಿದೆ. ಮೇಲೆ ಹೇಳಿದ ಭೇದವನ್ನೂ ಓದುಗರು ಅಳತೆಗೋಲಾಗಿ ಹಿಡಿದು ಮನೆಯವರನ್ನು ಅಳೆಯಲು ಹೊರಡಬಾರದು. ಸಂಶಯ ಬಂದಲ್ಲಿ ಕೇಳಬೇಕಾದ ಕಡೆ ಕೇಳುವುದಕ್ಕಾಗಿ ಮಾತ್ರ ಅದನ್ನು ಹೇಳಿದ್ದು.

ಇನ್ನು ಪೂರ್ವಪಕ್ಷದ ಬಲವಾದ ಮಾತೊಂದಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ‘ವೈದ್ಯರ ಬಳಿಗೆ ಹೋಗಿರೆಂದು ಹೇಳುವುದು ಸುಲಭ, ವೈದ್ಯರೆಲ್ಲಿದ್ದಾರೆ?’ ನಿಮ್ಹಾನ್ಸ್ ಸಂಸ್ಥೆಯು 2015–16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ರೋಗವಿದ್ದೂ ಚಿಕಿತ್ಸೆ ಪಡೆಯದವರು ವ್ಯಾಧಿಭೇದಕ್ಕನುಸಾರ ನೂರಕ್ಕೆ 70ರಿಂದ 92ರಷ್ಟು ಕಂಡುಬಂದರು. ಮನೋವೈದ್ಯರು ಲಕ್ಷ ಜನರಿಗೆ ಒಬ್ಬರಂತೆಯೂ ಇಲ್ಲ. ವೈದ್ಯರು ತಪ್ಪುವುದೂ ಉಂಟು. ವಿಶೇಷವಾಗಿ ಹೆಣ್ಣುಮಕ್ಕಳಲ್ಲಿ ಆಟಿಸಮ್, ಎ.ಡಿ.ಎಚ್.ಡಿ.ಗಳು ಬಾಲ್ಯದಲ್ಲಿ ಗುರುತಿಸಲ್ಪಡದೆ, ಮೂವತ್ತು ನಲವತ್ತರ ವಯಸ್ಸಿನಲ್ಲಿ ಅವರೇ ಓದಿ ಶಂಕಿಸಿ ಹೋದಾಗ ನಿಜವಾದ ನಿದರ್ಶನಗಳಿವೆ. ಆದುದರಿಂದ ಓದುವುದನ್ನೇ ನಿಂದಿಸುವುದು ಸರಿಯಲ್ಲ. ಕನ್ನಡದಲ್ಲಿ ಈ ಓದಿಗೆ ಹಳೆಯ ಪರಂಪರೆಯೇ ಇದೆ. ಕೊರವಂಜಿಯ ‘ರಾಶಿ’ ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ‘ಮನ ಮಂಥನ’ಕ್ಕೆ 1976ರಷ್ಟು ಹಿಂದೆಯೇ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು. ಓದಿನಿಂದ ಹುಟ್ಟಬೇಕಾದದ್ದು ಸಂಶಯ. ಸಂಶಯವು ಜಿಜ್ಞಾಸೆಗೆ ಅಂಗ. ಸಂಶಯವನ್ನೇ ನಿಶ್ಚಯವೆಂದು ಭಾವಿಸಿದರೆ ಜಿಜ್ಞಾಸೆಯು ಅಲ್ಲಿಗೆ ನಿಂತುಹೋಗುತ್ತದೆ. ‘ನನಗೆ ಇದಿರಬಹುದೇ?’ ಎಂದು ಕೇಳಿ ಹೋದವಳಿಗೂ ‘ನನಗೆ ಇದೇ ಇದೆ’ ಎಂದು ಹೋಗದೆ ಉಳಿದವಳಿಗೂ ಓದಿದ ಪುಸ್ತಕ ಒಂದೇ ಇರಬಹುದು.

ಕೊನೆಯದಾಗಿ, ಜಗಳದ ಮಧ್ಯೆ ಇತರರಿಗೆ ರೋಗವನ್ನು ಹಚ್ಚುವುದು ವೈದ್ಯವಲ್ಲ, ಬೈಗುಳ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 3ನೆಯ ಕಲಮು, ಮನೋರೋಗವನ್ನು ಅಂಗೀಕೃತ ವೈದ್ಯಕೀಯ ಮಾನಗಳಿಂದಲೇ ನಿರ್ಣಯಿಸಬೇಕೆಂದೂ, ಸಮಾಜದ ನಡಾವಳಿಗೆ ಅಥವಾ ಧಾರ್ಮಿಕ ನಂಬಿಕೆಗೆ ಒಬ್ಬರು ಹೊಂದಿಕೊಳ್ಳದಿರುವುದು ಅದಕ್ಕೆ ಆಧಾರವಾಗಬಾರದೆಂದೂ ಹೇಳಿದೆ. ಮಾತು ಕೇಳದ ಸೊಸೆಗೂ ಮಡಿಬಿಡದ ಅತ್ತೆಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ವೈದ್ಯರನ್ನು ಕಾಣಲು ಹೋಗುವವರು ರೋಗದ ಹೆಸರನ್ನು ಒಯ್ಯದೆ ಅನುಭವವನ್ನು ಒಯ್ಯಬೇಕು: ನಿದ್ರೆ ಯಾವಾಗಿನಿಂದ ಕೆಟ್ಟಿತು, ಯಾವ ಕೆಲಸ ನಿಂತಿತು, ವಂಶದಲ್ಲಿ ಯಾರಿಗೆ ಏನಾಗಿತ್ತು, ಈಗ ಯಾವ ಯಾವ ಗುಳಿಗೆಗಳು ನಡೆದಿವೆ, ಕಷಾಯ ಲೇಹ್ಯಗಳೂ ಸೇರಿ. ಹತ್ತಿರದಲ್ಲಿ ವೈದ್ಯರಿಲ್ಲದವರು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಕರೆ ಮಾಡಬಹುದು. ಶುಲ್ಕವಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಚಿಕಿತ್ಸೆಯಲ್ಲಿರುವವರು ‘ಗುಣವಾಯಿತು’ ಎಂದು ತಾವೇ ನಿರ್ಣಯಿಸಿ ಔಷಧವನ್ನು ನಿಲ್ಲಿಸುವುದೂ ಸ್ವಯಂನಿರ್ಣಯವೇ. ಉಪವಾಸದ ವಿಷಯವನ್ನು ಮಾತ್ರ ಮರೆಯದೆ ಹೇಳಬೇಕು. ಬೈಪೋಲಾರ್ ವ್ಯಾಧಿಗೆ ಕೊಡುವ ಲಿಥಿಯಂ ಎಂಬ ಔಷಧವು ಬಹಳ ಉಪಕಾರಿ. ಆದರೆ ದೇಹದಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣವೇರಿ ನಡುಕ, ವಾಂತಿ, ತೂರಾಟಗಳು ಬಂದು ಪ್ರಾಣಾಪಾಯವೂ ಆಗಬಲ್ಲದು. ಅದನ್ನು ಸೇವಿಸುವವರು ಏಕಾದಶಿಯ ನಿರ್ಜಲ ಉಪವಾಸವನ್ನೂ ದ್ವಾದಶಿಯ ಪಾರಣೆಯ ಹೊತ್ತನ್ನೂ ವೈದ್ಯರಿಗೆ ಮೊದಲೇ ತಿಳಿಸಿ, ನೀರಿನ ವಿಷಯದಲ್ಲಿ ಅವರು ಹೇಳಿದಂತೆಯೇ ನಡೆಯತಕ್ಕದ್ದು.